ಅಂಕ ಕಳಿಸಬೇಕೆ, ಬೇಡವೆ?

1926ರ ಜೂನ್ 23ರಂದು ಅಮೆರಿಕದಲ್ಲಿ ಸುಮಾರು ಎಂಟು ಸಾವಿರ ವಿದ್ಯಾರ್ಥಿಗಳು ಹೊಸ ಬಗೆಯ ಪರೀಕ್ಷೆಯೊಂದಕ್ಕೆ ಕೂತರು. 97 ನಿಮಿಷ, 315 ಪ್ರಶ್ನೆ. ಒಂದೊಂದಕ್ಕೆ ಇಪ್ಪತ್ತು ಸೆಕೆಂಡೂ ಸಿಗುತ್ತಿರಲಿಲ್ಲ. ಕಾಲೇಜು ಪ್ರವೇಶದ ಎಸ್‌ಎಟಿ ಹುಟ್ಟಿದ್ದು ಹಾಗೆ.

ಅದನ್ನು ರೂಪಿಸಿದವನು ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್. ಮೊದಲ ಮಹಾಯುದ್ಧದ ಸೈನಿಕರ ಬುದ್ಧಿಪರೀಕ್ಷೆಯ ಅಂಕಗಳನ್ನು ಮುಂದಿಟ್ಟುಕೊಂಡು, ಉತ್ತರ ಯುರೋಪು ಮೂಲದವರೇ ಹೆಚ್ಚು ಬುದ್ಧಿವಂತರೆಂದು 1923ರಲ್ಲಿ ಪುಸ್ತಕ ಬರೆದಿದ್ದ. ಆ ವಾದಕ್ಕೆ ಬುಡವೇ ಇಲ್ಲವೆಂದು 1930ರಲ್ಲಿ ತಾನೇ ಒಪ್ಪಿಕೊಂಡ. ವಾದ ಬಿತ್ತು, ಪರೀಕ್ಷೆ ಉಳಿಯಿತು.

ಉಳಿದದ್ದಕ್ಕೆ ಕಾರಣವೂ ಇತ್ತು. 1933ರಲ್ಲಿ ಹಾರ್ವರ್ಡಿನ ಅಧ್ಯಕ್ಷನಾದ ಜೇಮ್ಸ್ ಕೋನಂಟ್‌ಗೆ, ಸಿರಿವಂತರ ಖಾಸಗಿ ಶಾಲೆಗಳ ಆಚೆಯ ಜಾಣ ಹುಡುಗರಿಗೆ ವಿದ್ಯಾರ್ಥಿವೇತನ ಕೊಡಬೇಕೆಂಬ ಆಸೆ. ದೂರದ ಊರಿನ ಸರ್ಕಾರಿ ಶಾಲೆಯ ಹುಡುಗನನ್ನು ಗುರುತಿಸುವುದು ಹೇಗೆ? ಅವನ ಸಹಾಯಕ ಹೆನ್ರಿ ಚಾನ್ಸಿ ಆರಿಸಿದ್ದು ಎಸ್‌ಎಟಿಯನ್ನು. ಕೆಲವರನ್ನು ಹೊರಗಿಡುವ ಜರಡಿಯೆಂದು ಅನುಮಾನ ಹುಟ್ಟಿಸುವಂತಿದ್ದ ಪರೀಕ್ಷೆಯೇ ಇನ್ನು ಕೆಲವರಿಗೆ ಏಣಿಯಾಯಿತು.

ಆದರೆ ಏಣಿಗೂ ಬೆಲೆ ಬಂತು. ಕೋಚಿಂಗ್ ಬೆಳೆಯಿತು; ಮನೆಯ ಆದಾಯ ಏರಿದಂತೆ ಅಂಕವೂ ಏರುವುದು ಕಾಣತೊಡಗಿತು. 1970ರ ಹೊತ್ತಿಗೇ ಮೇನ್ ರಾಜ್ಯದ ಬೌಡನ್ ಕಾಲೇಜು ಅಂಕ ಕಳಿಸುವುದನ್ನು ಐಚ್ಛಿಕ ಮಾಡಿತ್ತು. 2020ರಲ್ಲಿ ಕೋವಿಡ್ ಬಂದು ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಬಹುತೇಕ ಕಾಲೇಜುಗಳು ಅದೇ ದಾರಿ ಹಿಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ ಪ್ರವೇಶಕ್ಕೆ ಅಂಕ ನೋಡುವುದನ್ನೇ ಬಿಟ್ಟಿತು. ಎಂಐಟಿ 2022ರಲ್ಲಿ, ಡಾರ್ಟ್‌ಮತ್ 2024ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡುವುದಾಗಿ ಹೇಳಿದವು.

ಡಾರ್ಟ್‌ಮತ್ ಕೊಟ್ಟ ಕಾರಣ ಯೋಚಿಸುವಂಥದ್ದು. ಅದರದೇ ಪ್ರಾಧ್ಯಾಪಕರ ಅಧ್ಯಯನದ ಪ್ರಕಾರ, ಅನುಕೂಲವಿಲ್ಲದ ಮನೆಗಳ ಕೆಲವು ವಿದ್ಯಾರ್ಥಿಗಳು ತಮಗೆ ನೆರವಾಗಬಹುದಾಗಿದ್ದ ಅಂಕಗಳನ್ನೇ ಮುಚ್ಚಿಟ್ಟಿದ್ದರು. ಆ ಕಾಲೇಜಿನ ಸರಾಸರಿ ಕಂಡು ತಮ್ಮದು ಕಡಿಮೆಯೆಂದು ಅಂಜಿದ್ದರು. ಅವರ ಶಾಲೆಯ ಮಟ್ಟದಲ್ಲಿ ಅದು ದೊಡ್ಡ ಸಾಧನೆಯೆಂದು ಪ್ರವೇಶ ಸಮಿತಿ ಎಣಿಸುತ್ತದೆಂದು ಅವರಿಗೆ ಹೇಳುವವರಿರಲಿಲ್ಲ.

ನಮ್ಮ ಸಿಇಟಿ, ನೀಟ್‌ಗಳಲ್ಲಿ ಇಂಥ ಆಯ್ಕೆಯೇ ಇಲ್ಲ. ಸೀಟು ಬೇಕಾದರೆ ಬರೆಯಲೇಬೇಕು. ಆಯ್ಕೆ ಸಿಕ್ಕಿದರೆ ಒಳ್ಳೆಯದೆಂದು ನಮಗನ್ನಿಸುವುದು ಸಹಜ. ಆದರೆ ಶತಮಾನದ ಈ ಕಥೆ ಬೇರೆಯದನ್ನೂ ಹೇಳುತ್ತದೆ: ಕಾಲೇಜು ಇಳಿಸಿದ ಹೊರೆ ಹದಿನೇಳರ ಹುಡುಗಿಯ ಹೆಗಲೇರಿದೆ. ಕೇಳಿ ತಿಳಿಯಲು ಯಾರಾದರೂ ಇದ್ದವಳಿಗೆ ಅದು ಸ್ವಾತಂತ್ರ್ಯ. ಇಲ್ಲದವಳಿಗೆ ಇನ್ನೊಂದು ಪರೀಕ್ಷೆ.