ಎರಡು ಪುದೀನ, ಒಂದು ಸೀಸೆ

ನಮ್ಮ ಕಡೆಯ ಮಕ್ಕಳಿಗೆ ಅಂಗಡಿಯ ಜಾಡಿಯಲ್ಲಿರುವ ಸಕ್ಕರೆ ಗುಳಿಗೆಗಳೆಲ್ಲವೂ ಪೆಪ್ಪರ್‌ಮೆಂಟುಗಳೇ. ಕಿತ್ತಳೆಯ ರುಚಿಯದೂ ಪೆಪ್ಪರ್‌ಮೆಂಟು, ಶುಂಠಿಯದೂ ಪೆಪ್ಪರ್‌ಮೆಂಟು. ಮಿಠಾಯಿಯ ವಿಷಯದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಮೈಗೆ ತಿಕ್ಕುವ ತೈಲಕ್ಕೂ ಇದೇ ಗತಿಯಾಗಿದೆ. ಪೆಪ್ಪರ್‌ಮಿಂಟ್ ತೈಲವೆಂದು ಚೀಟಿ ಹಚ್ಚಿದ ಸೀಸೆಯೊಳಗೆ ಕೆಲವೊಮ್ಮೆ ಬೇರೊಂದು ಗಿಡದ ತೈಲ ಇರುವುದುಂಟು. ಇದು ಹೇಗಾಯಿತೆಂದು ವಿಚಾರಿಸುತ್ತ ಹೋದ ನಾನು ಮುನ್ನೂರು ವರ್ಷಗಳ ಹಿಂದಿನ ಇಂಗ್ಲೆಂಡನ್ನು ಮುಟ್ಟಿದೆ.

1696ರಲ್ಲಿ ಜಾನ್ ರೇ ಎಂಬ ಸಸ್ಯಶಾಸ್ತ್ರಜ್ಞನು ಹರ್ಟ್‌ಫರ್ಡ್‌ಶೈರ್ ಸೀಮೆಯಲ್ಲಿ ದೊರೆತ ಒಂದು ಪುದೀನದ ವರ್ಣನೆಯನ್ನು ಅಚ್ಚು ಮಾಡಿಸಿದನು. ಬಾಯಿಗೆ ಹಾಕಿದರೆ ಮೆಣಸಿನಂತೆ ಚುರುಗುಟ್ಟುವುದು ಅದರ ಗುರುತು. ಹೆಸರಿನಲ್ಲಿ ಪೆಪ್ಪರ್ ಸೇರಿದ್ದು ಹೀಗೆ; ನಮ್ಮ ಮಲೆನಾಡಿನ ಕರಿಮೆಣಸಿಗೂ ಇದಕ್ಕೂ ಯಾವ ನಂಟೂ ಇಲ್ಲ. 1721ರಲ್ಲಿ ಲಂಡನ್ನಿನ ಔಷಧಕೋಶ ಅದನ್ನು ಒಳಗೆ ಸೇರಿಸಿಕೊಂಡಿತು. 1753ರಲ್ಲಿ ಲಿನೇಯಸ್ ಅದಕ್ಕೆ ಮೆಂಥ ಪಿಪೆರಿಟ ಎಂದು ನಾಮಕರಣ ಮಾಡಿದನು. ನೀರುಪುದೀನಕ್ಕೂ ಸ್ಪಿಯರ್‌ಮಿಂಟ್ ಎಂಬ ತೋಟದ ಪುದೀನಕ್ಕೂ ಹುಟ್ಟಿದ ಮಿಶ್ರ ಸಂತಾನ ಅದು. ಹೇಸರಗತ್ತೆಯಂತೆ ಅದಕ್ಕೂ ವಂಶ ಬೆಳೆಯದು, ಬೀಜ ಕಟ್ಟುವುದಿಲ್ಲ. ಹರಿದ ಕಾಂಡದ ತುಂಡುಗಳನ್ನು ಕಿತ್ತು ನೆಡಬೇಕು.

ಹಾಗೆ ನೆಟ್ಟವರಲ್ಲಿ ಲಂಡನ್ನಿನ ದಕ್ಷಿಣಕ್ಕಿದ್ದ ಮಿಚ್ಚಮ್ ಎಂಬ ಹಳ್ಳಿಯವರು ಮೊದಲಿಗರೆನ್ನಬೇಕು. 1750ರ ಸುಮಾರಿಗೆ ಅಲ್ಲಿ ಕೆಲವೇ ಎಕರೆಯಷ್ಟಿದ್ದ ಬೆಳೆ, ಆ ಶತಮಾನ ಮುಗಿಯುವ ಹೊತ್ತಿಗೆ ನೂರು ಎಕರೆಯನ್ನು ದಾಟಿತ್ತು. 1850ರ ವೇಳೆಗೆ ಐನೂರನ್ನು ಮುಟ್ಟಿತು. ಗಿಡ ಹೂಬಿಡುವ ಹೊತ್ತಿಗೆ ಕೊಯ್ದು, ಬಾಡಿಸಿ, ತಾಮ್ರದ ಹಂಡೆಗಳಲ್ಲಿ ತುಂಬಿ ಬಟ್ಟಿ ಇಳಿಸುತ್ತಿದ್ದರು. ಇಂದು ಮಿಚ್ಚಮ್ ಲಂಡನ್ನಿನ ಹೊಟ್ಟೆಯೊಳಗೆ ಸೇರಿಹೋಗಿದೆ. ಆದರೆ ಅಮೆರಿಕದ ಹೊಲಗಳಲ್ಲಿ ಬೆಳೆಯುವ ತಳಿಗೆ ಈಗಲೂ ‘ಬ್ಲ್ಯಾಕ್ ಮಿಚ್ಚಮ್’ ಎಂದೇ ಹೆಸರು. ಊರು ಕರಗಿ ಹೆಸರು ಮಾತ್ರ ಗಿಡಕ್ಕೆ ಅಂಟಿಕೊಂಡು ಉಳಿಯುವುದು ಒಂದು ಸೋಜಿಗವೇ ಸರಿ.

ಅಮೆರಿಕದವರು ಬೆಳೆಯತೊಡಗಿದ ಮೇಲೆ ಬೆಲೆ ಇಳಿಯಿತು, ಕಲಬೆರಕೆ ಏರಿತು. ಟರ್ಪೆಂಟೈನ್ ಬೆರೆಸಿದ ತೈಲವೂ ಪೆಪ್ಪರ್‌ಮಿಂಟ್ ಎಂದೇ ಮಾರಾಟವಾಗುತ್ತಿತ್ತು. ನ್ಯೂಯಾರ್ಕ್ ಸಂಸ್ಥಾನದ ಲಯನ್ಸ್ ಎಂಬ ಊರಿನ ಹೈರಮ್ ಹಾಚ್ಕಿಸ್ ಎಂಬ ವರ್ತಕನು ಶುದ್ಧ ತೈಲವನ್ನು ತನ್ನ ಹೆಸರಿನ ಚೀಟಿ ಅಂಟಿಸಿದ ಸೀಸೆಗಳಲ್ಲಿ ಯುರೋಪಿಗೆ ಕಳಿಸಿ, 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕ ಗಳಿಸಿದನು. ಚೀಟಿಗೆ ಬೆಲೆ ಬಂದದ್ದು, ಒಳಗಿನದನ್ನು ಯಾರೂ ನಂಬದಂತಾದ ಕಾಲದಲ್ಲಿ.

ಇತ್ತ ಜಪಾನಿನಲ್ಲಿ ಇನ್ನೊಂದು ಪುದೀನ ಬೆಳೆಯುತ್ತಿತ್ತು. ಇದು ಮೆಂಥ ಆರ್ವೆನ್ಸಿಸ್. ಎರಡನೆಯ ಮಹಾಯುದ್ಧಕ್ಕೆ ಮೊದಲು ಹೊಕ್ಕೈಡೋ ದ್ವೀಪದ ಕಿಟಾಮಿ ಪ್ರದೇಶವೇ ಇದರ ರಾಜಧಾನಿ. ಯುದ್ಧ ಈ ವ್ಯಾಪಾರವನ್ನು ಕಡಿದುಹಾಕಿತು. 1950ರ ದಶಕದಲ್ಲಿ ಜಪಾನಿನ ಈ ಗಿಡ ನಮ್ಮ ದೇಶಕ್ಕೆ ಬಂತು. ಲಖನೌದ ಸಸ್ಯಸಂಶೋಧನಾಲಯದವರು ಅದರಿಂದ ಹೊಸ ತಳಿಗಳನ್ನು ಬೆಳೆಸಿದರು. ಬಾರಾಬಂಕಿ, ಬದಾಯೂಂ, ರಾಂಪುರದ ರೈತರು ಅದನ್ನು ಬೇಸಗೆಯ ಬೆಳೆಯಾಗಿ ಹಿಡಿದರು. ಇಂದು ಜಗತ್ತಿನಲ್ಲಿ ಈ ತೈಲವನ್ನು ಅತಿ ಹೆಚ್ಚು ತೆಗೆಯುವುದು ನಮ್ಮ ದೇಶವೇ.

ತೊಡಕಿರುವುದು ಇಲ್ಲಿ. ಪಿಪೆರಿಟದ ತೈಲದಲ್ಲಿ ಮೆಂಥಾಲ್ ಸುಮಾರು ಅರ್ಧ ಪಾಲು, ಅಥವಾ ಅದಕ್ಕೂ ಕಡಿಮೆ. ಆರ್ವೆನ್ಸಿಸ್‌ನಲ್ಲಿ, ಮೆಂಥಾಲ್ ಹರಳನ್ನು ಬೇರ್ಪಡಿಸದೆ ಬಿಟ್ಟರೆ, ನೂರಕ್ಕೆ 70ಕ್ಕೂ ಹೆಚ್ಚು. ಪುಸ್ತಕದಲ್ಲಿ ಒಂದರ ಅಳತೆ ಓದಿ ಇನ್ನೊಂದನ್ನು ಸುರಿದರೆ ಲೆಕ್ಕ ತಪ್ಪುತ್ತದೆ.

ಈ ಮೆಂಥಾಲ್ ಹರಳನ್ನು 1771ರಲ್ಲಿ ಗೌಬಿಯಸ್ ಎಂಬ ಲೈಡನ್ನಿನ ವೈದ್ಯನು ವರ್ಣಿಸಿದ್ದನು. ಅದು ತಂಪಾಗಿಸುವುದು ಹೇಗೆಂದು ತಿಳಿಯಲು 2002ರ ವರೆಗೆ ಕಾಯಬೇಕಾಯಿತು. ಚಳಿಯ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಗಳ ತುದಿಯಲ್ಲಿ ಒಂದು ಬಾಗಿಲಿದೆ. ಮೆಂಥಾಲ್ ಆ ಬಾಗಿಲನ್ನು ಸುಮ್ಮನೆ ತೆರೆಯುತ್ತದೆ. ಚರ್ಮ ತಣ್ಣಗಾಗಿರುವುದೇ ಇಲ್ಲ. ತಣ್ಣಗಾಯಿತೆಂಬ ಸುಳ್ಳು ಸುದ್ದಿ ಮಾತ್ರ ಹೋಗುತ್ತದೆ. ಇದನ್ನು ಶೋಧಿಸಿದವರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಇಬ್ಬರಿಗೂ 2021ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಅಭ್ಯಂಜನಪ್ರಿಯರಾದ ನಾವು ಇಲ್ಲಿ ಯೋಚಿಸಬೇಕಾದದ್ದುಂಟು. ತಂಪೆಂಬ ಭ್ರಮೆಯಲ್ಲಿರುವ ಮೈಗೆ ಹಂಡೆಯ ನೀರಿನ ಬಿಸಿ ಎಷ್ಟೆಂದು ಸರಿಯಾಗಿ ತಿಳಿಯಲಿಕ್ಕಿಲ್ಲ. ಮೆಂಥಾಲ್ ಮುಲಾಮುಗಳಿಂದ ಕೆಲವರ ಚರ್ಮ ಸುಟ್ಟಿದೆಯೆಂದು 2012ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿತು. ಹಚ್ಚಿದ ಜಾಗಕ್ಕೆ ಶಾಖ ಕೊಡಬೇಡಿರೆಂದೂ ಹೇಳಿತು.

ದೊಡ್ಡವರ ಮಾತು ಹಾಗಿರಲಿ. 1870ರಲ್ಲಿ ಕ್ರಾಚ್ಮರ್ ಎಂಬಾತನು ಮೊಲಗಳ ಮೂಗಿಗೆ ಘಾಟು ಹೊಗೆಯನ್ನು ಬಿಟ್ಟಾಗ ಅವುಗಳ ಉಸಿರು ನಿಂತುಹೋಯಿತು. ಹಸುಗೂಸಿನಲ್ಲಿಯೂ ಈ ಗುಣ ಬಲವಾಗಿದೆ. ಮೆಂಥಾಲ್ ಮೂಗಿಗೆ ತಾಗಿದರೆ ಗಂಟಲು ಬಿಗಿದು ಉಸಿರು ಕಟ್ಟಬಹುದು. ಎರಡು ವರ್ಷದೊಳಗಿನ ಮಗುವಿಗೆ ಈ ತೈಲ ಕೂಡದೆಂದು ಯುರೋಪಿನ ಔಷಧ ಸಂಸ್ಥೆ ಖಂಡಿತವಾಗಿ ಹೇಳುತ್ತದೆ. ಶೀತವಾದ ಕೂಸಿನ ಮೂಗಿನ ಕೆಳಗೆ ಒಂದಿಷ್ಟು ಸವರುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಅಜ್ಜಿಯರ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಈ ಪದ್ಧತಿ ಇಂದೇ ನಿಲ್ಲತಕ್ಕದ್ದು.

1937ರಲ್ಲಿ ಫ್ರಾನ್ಸಿನ ಗಟ್ಟಫೋಸೆ ಎಂಬ ರಸಾಯನಶಾಸ್ತ್ರಜ್ಞನು ‘ಅರೋಮಾಥೆರಪಿ’ ಎಂಬ ಹೆಸರಿನ ಪುಸ್ತಕ ಬರೆದ ಮೇಲೆ ಇಂಥ ತೈಲಗಳು ಮನೆಮನೆಯ ಅಲಮಾರನ್ನು ಹೊಕ್ಕವು. ದಣಿದ ಕಾಲಿಗೆ, ಬಿಗಿದ ಹೆಗಲಿಗೆ ಹಚ್ಚುವುದಕ್ಕೆ ನನ್ನ ಅಡ್ಡಿಯಿಲ್ಲ. 30 ಮಿಲಿಲೀಟರ್ ಎಳ್ಳೆಣ್ಣೆಗೋ ಕೊಬ್ಬರಿ ಎಣ್ಣೆಗೋ 6 ಹನಿ ಬೆರೆಸಿದರೆ ಸುಮಾರು ನೂರಕ್ಕೆ ಒಂದು ಪಾಲಾಗುತ್ತದೆ; ಅಷ್ಟರಿಂದ ಆರಂಭಿಸಬಹುದು, 12ನ್ನು ಮೀರಬೇಕಾಗಿಲ್ಲ. ಮೊದಲು ಮುಂಗೈಯ ಒಳಭಾಗಕ್ಕೆ ಸವರಿ ಒಂದು ದಿನ ನೋಡುವುದು ಲೇಸು. ಬರಿಯ ತೈಲವನ್ನು ಮೈಗೆ ಹಚ್ಚಬಾರದು. ಸ್ನಾನದ ನೀರಿಗೆ ಹನಿಸುವುದೂ ಬೇಡ. ತೈಲ ನೀರಿನಲ್ಲಿ ಬೆರೆಯದೆ ಮೇಲೆ ತೇಲಿ ಹಾಗೆಯೇ ಚರ್ಮಕ್ಕೆ ಅಂಟುತ್ತದೆ. ಚರ್ಮದ ಮೇಲೆ ಉರಿ ಎದ್ದರೆ ಕೊಬ್ಬರಿ ಎಣ್ಣೆ ಸವರಿ ಒರೆಸಿ, ಆಮೇಲೆ ಸಾಬೂನು ಹಚ್ಚಿ ತೊಳೆಯಬೇಕು. ಕೊಳ್ಳುವಾಗ ಚೀಟಿಯ ಮೇಲೆ ಗಿಡದ ಲ್ಯಾಟಿನ್ ಹೆಸರನ್ನು ಹುಡುಕಿರಿ. ಅದಿಲ್ಲದ ಸೀಸೆಯನ್ನು ಅಂಗಡಿಯವನಿಗೇ ಹಿಂದಿರುಗಿಸಿರಿ.