ರಸ್ತೆ ಸಾರಿಗೆಯ ಅನುಕೂಲ ಮತ್ತು ಅನಾನುಕೂಲಗಳು: ಮೈಸೂರು ಜಿಲ್ಲೆ

ಮೈಸೂರು ನಗರವು ರೈಲು ಸಂಪರ್ಕ ಪಡೆದು ಒಂದು ಶತಮಾನಕ್ಕೂ ಹೆಚ್ಚು ಕಾಲವಾಗಿದೆ. ಆದರೆ ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಸರಗೂರು ಹಾಗೂ ತಿರುಮಕೂಡಲು ನರಸೀಪುರ ಪಟ್ಟಣಗಳಿಗೆ ಇಂದಿಗೂ ರೈಲು ಮಾರ್ಗವಿರುವುದಿಲ್ಲ. ಈ ಭಾಗಗಳ ರೈತರು, ವಿದ್ಯಾರ್ಥಿಗಳು, ಚಿಕಿತ್ಸೆಗಾಗಿ ನಗರಕ್ಕೆ ಬರುವ ರೋಗಿಗಳು ಹಾಗೂ ಕಚೇರಿ ಕೆಲಸಗಳಿಗೆ ಬರುವ ಸಾರ್ವಜನಿಕರು ಸಂಪೂರ್ಣವಾಗಿ ರಸ್ತೆಯನ್ನೇ ಅವಲಂಬಿಸಿರುತ್ತಾರೆ. ರೈಲು ಅಗ್ಗವೋ ರಸ್ತೆ ಅಗ್ಗವೋ ಎಂಬ ಪಠ್ಯಪುಸ್ತಕದ ಹೋಲಿಕೆಯು ಇವರಿಗೆ ಅನ್ವಯಿಸುವುದಿಲ್ಲ. ಅಭಿವೃದ್ಧಿಶೀಲ ರಾಷ್ಟ್ರದಲ್ಲಿ ರಸ್ತೆ ಸಾರಿಗೆಯ ಗುಣದೋಷಗಳನ್ನು ಪರಿಶೀಲಿಸುವಾಗ ಈ ಅಂಶವನ್ನು ಮೊದಲು ಗಮನಿಸಬೇಕಾಗುತ್ತದೆ.

ಹಿನ್ನೆಲೆ:

ಸರ್ಕಾರಿ ಬಸ್ ಸೇವೆಯು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯ ಮೂಲಕ ದಿನಾಂಕ 12-09-1948 ರಂದು ಆರಂಭವಾಯಿತು. ದಿನಾಂಕ 01-08-1961 ರಿಂದ ನಿಗಮದ ಸ್ವರೂಪ ಪಡೆದ ಈ ಸೇವೆಯೇ ಇಂದಿನ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವಾಗಿದೆ. ದಿನಾಂಕ 11-06-2023 ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತ ಪ್ರಯಾಣದ ಸೌಲಭ್ಯ ಕಲ್ಪಿಸಲಾಗಿದೆ.

ಅನುಕೂಲಗಳು:

ಸರಕನ್ನು ಹೊಲದ ಬದುವಿನಿಂದ ಕೊಳ್ಳುವವರ ಬಾಗಿಲಿನವರೆಗೆ ನಡುವೆ ಎಲ್ಲಿಯೂ ಇಳಿಸದೆ ತಲುಪಿಸುವುದು ರಸ್ತೆ ಸಾರಿಗೆಯ ಮುಖ್ಯ ಗುಣವಾಗಿರುತ್ತದೆ. ಪಶ್ಚಿಮದ ತಾಲ್ಲೂಕುಗಳ ತಂಬಾಕು ಬೆಳೆಗಾರರು ಹದಗೊಳಿಸಿದ ಎಲೆಯ ಬೇಲುಗಳನ್ನು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮುಂತಾದ ಹರಾಜು ಮಾರುಕಟ್ಟೆಗಳಿಗೆ ತಮ್ಮ ಊರಿನ ವಾಹನಗಳಲ್ಲಿಯೇ ಸಾಗಿಸುತ್ತಾರೆ. ರಾತ್ರಿ ಕೊಯ್ದ ತರಕಾರಿಯು ಮುಂಜಾನೆಯೇ ಬಂಡಿಪಾಳ್ಯದ ಮಾರುಕಟ್ಟೆ ಸೇರುತ್ತದೆ. ಇಷ್ಟು ಚಿಕ್ಕ ಪ್ರಮಾಣದ ಸರಕಿಗೆ, ಇಷ್ಟು ಕಡಿಮೆ ಅವಧಿಯಲ್ಲಿ, ಬೇರೆ ಯಾವ ಸಾರಿಗೆಯೂ ಒದಗಲಾರದು.

ಬಂಡವಾಳವೂ ಮಿತವಾದದ್ದು. ಸಾಲ ಪಡೆದು ಕೊಂಡ ಒಂದು ಸರಕು ಆಟೋ ಒಂದು ಕುಟುಂಬದ ಜೀವನೋಪಾಯವಾಗಬಲ್ಲದು. ಆದರೆ ಸಾಲದ ಕಂತು ಹಾಗೂ ಡೀಸೆಲ್ ವೆಚ್ಚ ಸರಿದೂಗಿಸಲು ಹೆಚ್ಚುವರಿ ಭಾರ ಹೇರುವ, ವಿಶ್ರಾಂತಿಯಿಲ್ಲದೆ ಚಾಲನೆ ಮಾಡುವ ಪ್ರವೃತ್ತಿಯೂ ಇಲ್ಲಿಂದಲೇ ಆರಂಭವಾಗುತ್ತದೆ.

ಅನಾನುಕೂಲಗಳು:

ಬೆಂಗಳೂರು–ಮೈಸೂರು ರಾಷ್ಟ್ರೀಯ ಹೆದ್ದಾರಿ 275 ರ ಹೊಸ ಮಾರ್ಗವನ್ನು ದಿನಾಂಕ 12-03-2023 ರಂದು ಉದ್ಘಾಟಿಸಲಾಯಿತು. ಸುಮಾರು 3 ಗಂಟೆ ಹಿಡಿಯುತ್ತಿದ್ದ ಪ್ರಯಾಣವು ಇದರಿಂದ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಆದರೆ ವೇಗದ ಜೊತೆಗೇ ಅಪಘಾತಗಳೂ ಬಂದವು. ದಿನಾಂಕ 01-08-2023 ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ ಹಾಗೂ ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಲ್ಲಿ ನಿಷೇಧಿಸಿ, ಕಾರುಗಳ ವೇಗವನ್ನು ಗಂಟೆಗೆ 100 ಕಿ.ಮೀ.ಗೆ ಮಿತಿಗೊಳಿಸಿ, ಕ್ಯಾಮೆರಾಗಳ ಮೂಲಕ ನಿಗಾ ವಹಿಸಲಾಯಿತು. ನಿಷೇಧವು ಸುರಕ್ಷತೆಯ ದೃಷ್ಟಿಯಿಂದ ಸಮಂಜಸವಾದದ್ದೇ. ಆದರೂ ಮನೆ ಒಂದು ಬದಿಗೆ, ಹೊಲ ಇನ್ನೊಂದು ಬದಿಗೆ ಉಳಿದ ಗ್ರಾಮಸ್ಥರು ಈಗ ಸರ್ವೀಸ್ ರಸ್ತೆ ಬಳಸಿ, ಕೆಳಸೇತುವೆ ಹುಡುಕಿ, ಸುತ್ತು ಹಾದಿಯಲ್ಲಿ ಹೋಗಬೇಕಾಗಿದೆ. ದೂರ ಪ್ರಯಾಣಿಕರಿಗೆ ಉಳಿದ ಸಮಯದ ಒಂದಷ್ಟು ಪಾಲು ಇವರ ಲೆಕ್ಕಕ್ಕೆ ಖರ್ಚು ಬಿದ್ದಿದೆ ಎನ್ನಬಹುದು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಪಟ್ಟಣಗಳ ಹೊರಗೆ ವಾಹನಗಳು ಸಾಗುವುದರಿಂದ ಬೊಂಬೆ ಅಂಗಡಿಗಳಿಗೂ ಮದ್ದೂರು ವಡೆಯ ಹೋಟೆಲುಗಳಿಗೂ ದಾರಿಹೋಕರ ವ್ಯಾಪಾರ ಕುಗ್ಗಿರುತ್ತದೆ.

ಅರಣ್ಯದ ವಿಷಯವೂ ಇದೆ. ಮೈಸೂರಿನಿಂದ ಗುಂಡ್ಲುಪೇಟೆ ಮೂಲಕ ಕೇರಳದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 (ಹಿಂದಿನ 212) ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾದುಹೋಗುತ್ತದೆ. ವಾಹನಗಳಿಗೆ ಸಿಲುಕಿ ವನ್ಯಪ್ರಾಣಿಗಳು ಸಾಯುತ್ತಿದ್ದ ಕಾರಣ 2009 ರಲ್ಲಿ ರಾತ್ರಿ 9 ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಸಂಚಾರ ನಿಷೇಧಿಸಲಾಯಿತು. ಮಾನ್ಯ ಉಚ್ಚ ನ್ಯಾಯಾಲಯವು 2010 ರಲ್ಲಿ ಇದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೆ ಹಾಗೂ ನಿಗದಿತ ಸಂಖ್ಯೆಯ ಬಸ್ಸುಗಳಿಗೆ ವಿನಾಯಿತಿ ಇರುತ್ತದೆ. ಇತರರು ಹುಣಸೂರು–ಗೋಣಿಕೊಪ್ಪ–ಕುಟ್ಟ ಮಾರ್ಗವಾಗಿ ಹೋಗಬಹುದು.

ಸಾರ್ವಜನಿಕರ ಗಮನಕ್ಕೆ:

ಹೆಗ್ಗಡದೇವನಕೋಟೆ ಭಾಗದಿಂದ ಕೊಡಗಿನ ಕಾಫಿ ತೋಟಗಳಿಗೆ ಕೂಲಿ ಕಾರ್ಮಿಕರು ಸರಕು ವಾಹನಗಳಲ್ಲಿ ಹೋಗಿಬರುವುದು, ಮದುವೆ ದಿಬ್ಬಣಗಳು ಟ್ರ್ಯಾಕ್ಟರ್ ಟ್ರೈಲರುಗಳಲ್ಲಿ ಹೊರಡುವುದು ಸಾಮಾನ್ಯವಾಗಿದೆ. ಬಸ್ಸಿನ ಸಮಯ ಹೊಂದದಿರುವುದು ಇದಕ್ಕೆ ಒಂದು ಕಾರಣವೆಂಬುದು ನಿಜ. ಆದರೆ ಸರಕು ವಾಹನದ ವಿಮೆಯು ಅದರಲ್ಲಿ ಹೀಗೆ ಪ್ರಯಾಣಿಸುವವರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅಪಘಾತವಾದಲ್ಲಿ ಪರಿಹಾರದ ಹೊಣೆ ವಾಹನ ಮಾಲೀಕರ ಮೇಲೆ ಬೀಳುತ್ತದೆ. ಮಾಲೀಕರಿಗೆ ಶಕ್ತಿಯಿಲ್ಲದಿದ್ದಲ್ಲಿ ನ್ಯಾಯಾಲಯದ ಆದೇಶವಿದ್ದರೂ ಹಣ ಕೈಗೆ ಬರುವುದು ಕಷ್ಟ. ವಾಹನ ಹತ್ತುವ ಮೊದಲೇ ತಿಳಿದಿರಬೇಕಾದ ವಿಷಯವಿದು.

ವಿಮೆಯಿಲ್ಲದ ವಾಹನವನ್ನು ರಸ್ತೆಗಿಳಿಸುವುದು ಮೋಟಾರು ವಾಹನಗಳ ಕಾಯ್ದೆ, 1988 ರ ಕಲಂ 146 ರ ಉಲ್ಲಂಘನೆಯಾಗುತ್ತದೆ. ಅಪ್ರಾಪ್ತರು ವಾಹನ ಚಾಲನೆ ಮಾಡಿ ಅಪರಾಧವೆಸಗಿದಲ್ಲಿ ಕಲಂ 199ಎ ರನ್ವಯ ಪೋಷಕರು ಅಥವಾ ವಾಹನ ಮಾಲೀಕರು 3 ವರ್ಷಗಳವರೆಗಿನ ಕಾರಾಗೃಹ ವಾಸ ಮತ್ತು ರೂ. 25,000/- ದಂಡಕ್ಕೆ ಗುರಿಯಾಗುತ್ತಾರೆ.

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು, ವಿಳಾಸ ನೀಡುವಂತೆ ಒತ್ತಾಯಿಸುವಂತಿಲ್ಲ. ಪೊಲೀಸ್ ಠಾಣೆಗೆ ಅಲೆಯಬೇಕಾದೀತೆಂಬ ಭಯದಿಂದ ಯಾರೂ ನೆರವಿನಿಂದ ಹಿಂಜರಿಯಬೇಕಾಗಿಲ್ಲ. ಇಂತಹವರಿಗೆ ಕಲಂ 134ಎ ರಲ್ಲಿ ಕಾನೂನು ರಕ್ಷಣೆ ನೀಡಲಾಗಿದೆ. ಕೇಂದ್ರ ಸರ್ಕಾರದ 2025 ರ ನಗದುರಹಿತ ಚಿಕಿತ್ಸಾ ಯೋಜನೆಯಡಿ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ, ಗರಿಷ್ಠ ರೂ. 1.5 ಲಕ್ಷದವರೆಗಿನ ಚಿಕಿತ್ಸೆಗೆ ಅವಕಾಶವಿರುತ್ತದೆ.

ಡಿಕ್ಕಿ ಹೊಡೆದ ವಾಹನವು ಪರಾರಿಯಾಗಿ ಪತ್ತೆಯಾಗದಿದ್ದಲ್ಲಿಯೂ ಪರಿಹಾರ ಲಭ್ಯವಿರುತ್ತದೆ. ದಿನಾಂಕ 01-04-2022 ರಿಂದ ಜಾರಿಯಲ್ಲಿರುವ ಯೋಜನೆಯಂತೆ ಮರಣ ಸಂಭವಿಸಿದಲ್ಲಿ ರೂ. 2,00,000/- ಹಾಗೂ ತೀವ್ರ ಸ್ವರೂಪದ ಗಾಯವಾದಲ್ಲಿ ರೂ. 50,000/- ನೀಡಲಾಗುವುದು. ರಾತ್ರಿ ವೇಳೆ ರಸ್ತೆ ಬದಿಯಲ್ಲಿ ನಡೆದು ಹೋಗುತ್ತಿದ್ದವರ ಕುಟುಂಬಗಳು ವಾಹನದ ಸಂಖ್ಯೆ ಗೊತ್ತಿಲ್ಲವೆಂಬ ಕಾರಣಕ್ಕೆ ಅರ್ಜಿಯನ್ನೇ ಸಲ್ಲಿಸದೆ ಉಳಿಯಬಾರದು. ಅಪಘಾತ ನಡೆದ ತಾಲ್ಲೂಕಿನ ಕ್ಲೇಮು ವಿಚಾರಣಾಧಿಕಾರಿಗಳಿಗೆ, ಅಂದರೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಅವರಿಗೆ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯೊಂದಿಗೆ ಪ್ರಥಮ ವರ್ತಮಾನ ವರದಿಯ ಪ್ರತಿ, ಮರಣ ಪ್ರಮಾಣಪತ್ರ ಮತ್ತು ಶವಪರೀಕ್ಷಾ ವರದಿ ಅಥವಾ ಗಾಯದ ಪ್ರಮಾಣಪತ್ರ, ಗುರುತಿನ ದಾಖಲೆ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಯನ್ನು ಲಗತ್ತಿಸತಕ್ಕದ್ದು.