ಮಕ್ಕಳಿಗಾಗಿ ಕಾಯುವ ದಂಪತಿ: ಚಿಕಿತ್ಸೆ, ಚರ್ಚಿನ ಬೋಧನೆ ಮತ್ತು ನಮ್ಮ ಹೊಣೆ

ಮದುವೆಯಾಗಿ ಒಂದು ವರ್ಷ ಕಳೆದರೆ ಸಾಕು, ಭಾನುವಾರದ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುವಾಗ ಯಾರಾದರೂ ಕೇಳಿಯೇ ಕೇಳುತ್ತಾರೆ: "ವಿಶೇಷ ಏನಾದ್ರೂ ಉಂಟಾ?" ಕೇಳುವವರಿಗೆ ಅದು ಪ್ರೀತಿಯ ಮಾತು. ಪ್ರತಿ ತಿಂಗಳೂ ಕಾದು ನಿರಾಶೆ ಅನುಭವಿಸುವ ಯುವ ದಂಪತಿಗೆ ಅದು ಮುಳ್ಳು. ಕ್ರಮೇಣ ಅವರು ನಾಮಕರಣ, ಹುಟ್ಟುಹಬ್ಬ, ಕೊನೆಗೆ ವಾಳೆಯ ಕೂಟಗಳಿಂದಲೂ ದೂರ ಉಳಿಯತೊಡಗುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಹಂತದಲ್ಲಿ ಸಂತಾನಹೀನತೆಯನ್ನು ಎದುರಿಸುತ್ತಾರೆ. ಅಂದರೆ ಇಂಥ ದಂಪತಿ ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಅವರಿಗೂ, ಅವರ ಜೊತೆ ನಿಲ್ಲಬೇಕಾದ ಚರ್ಚ್ ಸೇವಕರಿಗೂ ತಿಳಿದಿರಬೇಕಾದ ಮುಖ್ಯ ಸಂಗತಿಗಳು ಇಲ್ಲಿವೆ.

ಯಾವಾಗ ವೈದ್ಯರನ್ನು ಕಾಣಬೇಕು?

ದಂಪತಿ ಯಾವುದೇ ತಡೆ ಇಲ್ಲದೆ, ನಿಯಮಿತವಾಗಿ ಜೊತೆಯಾಗಿ ಬಾಳಿ 12 ತಿಂಗಳಾದರೂ ಗರ್ಭ ನಿಲ್ಲದಿದ್ದರೆ ಅದನ್ನು ವೈದ್ಯಶಾಸ್ತ್ರ ಸಂತಾನಹೀನತೆ ಎನ್ನುತ್ತದೆ. ಪತ್ನಿಗೆ 35 ವರ್ಷ ದಾಟಿದ್ದರೆ ಆರು ತಿಂಗಳು ಕಾದರೆ ಸಾಕು, ನಂತರ ವೈದ್ಯರನ್ನು ಕಾಣಬೇಕು. ಮುಟ್ಟು ತೀರಾ ಏರುಪೇರಾಗಿದ್ದರೆ ಅಷ್ಟೂ ಕಾಯಬಾರದು.

ಇಲ್ಲಿ "ಜೊತೆಯಾಗಿ ಬಾಳಿ" ಎಂಬ ಮಾತು ನಮ್ಮ ಕರಾವಳಿಗೆ ಮುಖ್ಯ. ಗಂಡ ದುಬಾಯಿ, ಕುವೈತ್ ಅಥವಾ ಹಡಗಿನಲ್ಲಿ, ಹೆಂಡತಿ ಊರಿನಲ್ಲಿ ಇರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ವರ್ಷಕ್ಕೆ ಒಂದು ತಿಂಗಳ ರಜೆಯಾದರೆ, ನಾಲ್ಕು ವರ್ಷದ ದಾಂಪತ್ಯದಲ್ಲಿ ಒಟ್ಟಿಗೆ ಇದ್ದದ್ದು ನಾಲ್ಕೈದು ತಿಂಗಳು ಮಾತ್ರ. ಒಂದು ಋತುಚಕ್ರದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಇರುವುದು ಸುಮಾರು ಆರು ದಿನ: ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದಕ್ಕೂ ಹಿಂದಿನ ಐದು ದಿನ. ರಜೆಯಲ್ಲಿ ಆ ದಿನಗಳು ತಪ್ಪಿಹೋದರೆ ಮುಂದಿನ ಅವಕಾಶ ಮರುವರ್ಷ. ಇಂಥವರಿಗೆ "ನಾಲ್ಕು ವರ್ಷವಾದರೂ ಮಗುವಿಲ್ಲ" ಎಂಬ ಹಣೆಪಟ್ಟಿ ಕಟ್ಟುವುದು ತಪ್ಪು. ಆಸ್ಟ್ರೇಲಿಯಾದ ವೈದ್ಯ ದಂಪತಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ರೂಪಿಸಿದ ನೈಸರ್ಗಿಕ ವಿಧಾನ ಕುಟುಂಬ ಯೋಜನೆಗೆ ಮಾತ್ರವಲ್ಲ, ಗರ್ಭ ನಿಲ್ಲುವ ದಿನಗಳನ್ನು ಗುರುತಿಸಲಿಕ್ಕೂ ಉಪಯುಕ್ತ.

ಕಾರಣ ಇಬ್ಬರಲ್ಲೂ ಇರಬಹುದು

"ಬಂಜೆ" ಎಂಬ ಪದವನ್ನು ನಮ್ಮ ಜನ ಹೆಂಗಸಿಗೆ ಮಾತ್ರ ಬಳಸುತ್ತಾರೆ. ವಾಸ್ತವ ಹಾಗಿಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಸಮಸ್ಯೆಯೂ ಒಂಟಿಯಾಗಿಯೋ ಪತ್ನಿಯ ಸಮಸ್ಯೆಯ ಜೊತೆಗೋ ಇರುತ್ತದೆ. ಕೆಲವರಲ್ಲಿ ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗುವುದಿಲ್ಲ.

ಮಹಿಳೆಯರಲ್ಲಿ ಸಾಮಾನ್ಯ ಕಾರಣಗಳು: ಪಿಸಿಒಎಸ್‌ನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದಿರುವುದು, ಥೈರಾಯ್ಡ್ ತೊಂದರೆ, ಎಂಡೊಮೆಟ್ರಿಯೋಸಿಸ್, ಅಂಡನಾಳ ಮುಚ್ಚಿಕೊಂಡಿರುವುದು. ನಮ್ಮ ದೇಶದಲ್ಲಿ ಗರ್ಭಕೋಶ ಮತ್ತು ಅಂಡನಾಳಕ್ಕೆ ತಗಲುವ ಕ್ಷಯರೋಗವೂ ಒಂದು ಕಾರಣ. ಪುರುಷರಲ್ಲಿ ವೀರ್ಯಾಣುಗಳ ಸಂಖ್ಯೆ ಅಥವಾ ಚಲನೆ ಕಡಿಮೆ ಇರುವುದು, ವೃಷಣದ ರಕ್ತನಾಳ ಊದಿಕೊಳ್ಳುವ ವೆರಿಕೋಸೀಲ್, ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ವೃಷಣಕ್ಕೆ ತಗಲಿರುವುದು, ಧೂಮಪಾನ, ಮದ್ಯ, ಜಿಮ್‌ನಲ್ಲಿ ಕೊಡುವ ಸ್ಟೆರಾಯ್ಡ್ ಇವೆಲ್ಲ ಕಾರಣವಾಗಬಹುದು. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ದುಶ್ಚಟ ಬಿಟ್ಟ ಫಲ ಕಾಣಲು ಮೂರು ತಿಂಗಳಾದರೂ ಕಾಯಬೇಕು.

ಮೊದಲ ಪರೀಕ್ಷೆಗಳಲ್ಲಿ ವೀರ್ಯ ಪರೀಕ್ಷೆ ಸೇರಿರಲೇಬೇಕು. ಅದು ಸುಲಭ, ಖರ್ಚು ಕಡಿಮೆ, ನೋವಿಲ್ಲ. ಹಾಗಿದ್ದರೂ ಪತ್ನಿಯನ್ನು ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಲ್ಯಾಪರೊಸ್ಕೋಪಿ ಎಂದು ವರ್ಷಗಟ್ಟಲೆ ಅಲೆದಾಡಿಸಿ, ಪತಿಯ ಪರೀಕ್ಷೆಯನ್ನು ಕೊನೆಗೆ ಇಡುವ ಮನೆಗಳಿವೆ. ಇದು ಅನ್ಯಾಯ. ಮಾದರಿ ಕೊಡುವ ಕ್ರಮದ ಬಗ್ಗೆ ಮನಸ್ಸಾಕ್ಷಿಯ ಅಳುಕಿದ್ದರೆ ವೈದ್ಯರಿಗೆ ತಿಳಿಸಬೇಕು. ದಾಂಪತ್ಯ ಸಂಗಮದ ವೇಳೆಯೇ ಮಾದರಿ ಸಂಗ್ರಹಿಸಲು ರಾಸಾಯನಿಕ ಲೇಪವಿಲ್ಲದ ವಿಶೇಷ ಚೀಲಗಳಿವೆ.

ಚಿಕಿತ್ಸೆಯ ಮೆಟ್ಟಿಲುಗಳು

ಬಹಳ ದಂಪತಿಗೆ ಐವಿಎಫ್ ಅಗತ್ಯವೇ ಬೀಳುವುದಿಲ್ಲ. ಥೈರಾಯ್ಡ್ ಸರಿಪಡಿಸುವುದು, ತೂಕ ಇಳಿಸುವುದು, ಅಂಡಾಣು ಬಿಡುಗಡೆಗೆ ಲೆಟ್ರೊಜೋಲ್‌ನಂಥ ಮಾತ್ರೆ, ವೆರಿಕೋಸೀಲ್ ಅಥವಾ ಎಂಡೊಮೆಟ್ರಿಯೋಸಿಸ್‌ಗೆ ಶಸ್ತ್ರಚಿಕಿತ್ಸೆ, ಇವುಗಳಿಂದಲೇ ಹಲವರಿಗೆ ಮಕ್ಕಳಾಗಿವೆ.

ಮುಂದಿನ ಮೆಟ್ಟಿಲು ಐಯುಐ. ಇದರಲ್ಲಿ ಸಂಸ್ಕರಿಸಿದ ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸಲಾಗುತ್ತದೆ. ಅದರ ಮೇಲಿನದು ಐವಿಎಫ್, ಅಂದರೆ ಪ್ರನಾಳ ಶಿಶು ವಿಧಾನ. ಚುಚ್ಚುಮದ್ದಿನಿಂದ ಹಲವು ಅಂಡಾಣುಗಳನ್ನು ಬೆಳೆಸಿ, ಹೊರತೆಗೆದು, ಪ್ರಯೋಗಾಲಯದಲ್ಲಿ ವೀರ್ಯಾಣುವಿನೊಡನೆ ಸೇರಿಸಿ, ಉಂಟಾದ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುತ್ತಾರೆ. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿದಳು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿತು.

ಐವಿಎಫ್ ಪ್ರತಿ ಬಾರಿಯೂ ಫಲಿಸುವುದಿಲ್ಲ. ವಯಸ್ಸು 35 ದಾಟಿದಂತೆ, ಅದರಲ್ಲೂ 40ರ ನಂತರ, ಯಶಸ್ಸು ಇಳಿಯುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಒಂದು ಸುತ್ತಿಗೆ ಲಕ್ಷಕ್ಕೂ ಮೀರಿ ಖರ್ಚಾಗುತ್ತದೆ. ಚಿನ್ನ ಅಡವಿಟ್ಟು, ಸೊಸೈಟಿಯಲ್ಲಿ ಸಾಲ ಮಾಡಿ ಹೋಗುವವರು ಮೊದಲೇ ಕೇಳಬೇಕಾದ ಪ್ರಶ್ನೆಗಳಿವೆ: ನಮ್ಮ ವಯಸ್ಸಿಗೆ ಸಾಧ್ಯತೆ ಎಷ್ಟು? ಎಷ್ಟು ಭ್ರೂಣ ಮಾಡುತ್ತೀರಿ? ಉಳಿದವು ಏನಾಗುತ್ತವೆ?

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ ಜಾರಿಯಲ್ಲಿದೆ. ಚಿಕಿತ್ಸಾ ಕೇಂದ್ರ ನೋಂದಣಿಯಾಗಿರಬೇಕು. ಮಹಿಳೆಗೆ 21ರಿಂದ 50, ಪುರುಷನಿಗೆ 21ರಿಂದ 55 ವರ್ಷದ ಮಿತಿಯಿದೆ. ಲಿಖಿತ ಒಪ್ಪಿಗೆ ಕಡ್ಡಾಯ. ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಮುನ್ನ ಯಾವಾಗ ಬೇಕಾದರೂ ದಂಪತಿ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಭ್ರೂಣವನ್ನು ಹೆಚ್ಚೆಂದರೆ 10 ವರ್ಷ ಶೈತ್ಯದಲ್ಲಿ ಇಡಬಹುದು. ಆಮೇಲೆ ಅದನ್ನು ನಾಶವಾಗಲು ಬಿಡಬೇಕು, ಇಲ್ಲವೇ ದಂಪತಿಯ ಒಪ್ಪಿಗೆಯಿಂದ ಸಂಶೋಧನೆಗೆ ಕೊಡಬೇಕು. ಲಿಂಗ ಆಯ್ಕೆ ಅಪರಾಧ. ಅದೇ ವರ್ಷದ ಬಾಡಿಗೆ ತಾಯ್ತನ ಕಾಯ್ದೆ ಹಣಕ್ಕಾಗಿ ಗರ್ಭ ಹೊರುವುದನ್ನು ನಿಷೇಧಿಸಿದೆ.

ಚರ್ಚಿನ ಬೋಧನೆ

ಚರ್ಚ್ ಚಿಕಿತ್ಸೆಗೆ ವಿರೋಧಿಯಲ್ಲ. ಸಂತಾನಹೀನತೆ ನಿವಾರಿಸುವ ಸಂಶೋಧನೆಯನ್ನು ಕಥೋಲಿಕ ಧರ್ಮೋಪದೇಶ ಸಂಗ್ರಹ (2375) ಪ್ರೋತ್ಸಾಹಿಸುತ್ತದೆ. 2008ರ "ದಿಗ್ನಿತಾಸ್ ಪೆರ್ಸೋನೆ" ಪತ್ರ ಹಾರ್ಮೋನ್ ಚಿಕಿತ್ಸೆ, ಎಂಡೊಮೆಟ್ರಿಯೋಸಿಸ್ ಶಸ್ತ್ರಚಿಕಿತ್ಸೆ, ಅಂಡನಾಳ ತೆರೆಯುವ ಚಿಕಿತ್ಸೆಗಳನ್ನು ಹೆಸರಿಸಿ ಒಪ್ಪುತ್ತದೆ. ದಾಂಪತ್ಯ ಸಂಗಮಕ್ಕೆ ಸಹಾಯ ಮಾಡುವ ವಿಧಾನ ಸರಿ, ಅದರ ಸ್ಥಾನವನ್ನೇ ಕಿತ್ತುಕೊಳ್ಳುವ ವಿಧಾನ ಸಲ್ಲದು ಎಂಬುದು 1987ರ "ದೋನುಮ್ ವೀತೆ" ಸೂಚನಾಪತ್ರದಿಂದ ಬಂದಿರುವ ಅಳತೆಗೋಲು. ಆದ್ದರಿಂದ ಐವಿಎಫ್, ಅನ್ಯರ ಅಂಡಾಣು ಅಥವಾ ವೀರ್ಯದ ಬಳಕೆ ಮತ್ತು ಬಾಡಿಗೆ ತಾಯ್ತನವನ್ನು ಚರ್ಚ್ ಒಪ್ಪುವುದಿಲ್ಲ. ಭ್ರೂಣವನ್ನು ಆರಂಭದಿಂದಲೇ ಮಾನವ ಜೀವವೆಂದು ಗೌರವಿಸಬೇಕು ಎಂಬುದರಿಂದ, ಹೆಚ್ಚುವರಿ ಭ್ರೂಣಗಳನ್ನು ಶೈತ್ಯದಲ್ಲಿಡುವುದು, ಬಿಸಾಡುವುದು ಅದರ ದೊಡ್ಡ ಆಕ್ಷೇಪ.

ಇದೆಲ್ಲ ದಂಪತಿಗೆ ತಿಳಿಯುವುದು ಯಾವಾಗ? ಎಷ್ಟೋ ಸಲ ಭ್ರೂಣಗಳು ಆಗಲೇ ಶೈತ್ಯಪೆಟ್ಟಿಗೆ ಸೇರಿದ ಮೇಲೆ. ಆಗ ತಿಳಿದ ಬೋಧನೆ ದಾರಿ ತೋರಿಸುವುದಿಲ್ಲ, ಗಾಯವನ್ನು ಮಾತ್ರ ಮಾಡುತ್ತದೆ. ಮದುವೆ ತಯಾರಿ ಶಿಬಿರದಲ್ಲಿ ಈ ವಿಷಯಕ್ಕೆ ಒಂದು ಗಂಟೆಯಾದರೂ ಮೀಸಲಿಡುವುದು ಅಗತ್ಯ.

ಎರಡು ಸಂಗತಿಗಳನ್ನು ಚರ್ಚ್ ಸೇವಕರು ಮರೆಯಬಾರದು. ಒಂದು, ಯಾವ ವಿಧಾನದಿಂದ ಹುಟ್ಟಿದರೂ ಮಗು ದೇವರ ವರವೇ. ಅದನ್ನು ಹಾಗೆಯೇ ಸ್ವೀಕರಿಸಬೇಕೆಂದು "ದೋನುಮ್ ವೀತೆ" ಸ್ಪಷ್ಟವಾಗಿ ಹೇಳುತ್ತದೆ. ಲೂಯಿಸ್ ಬ್ರೌನ್ ಹುಟ್ಟಿದಾಗ ವೆನಿಸ್‌ನ ಕಾರ್ಡಿನಲ್ ಆಗಿದ್ದ ಆಲ್ಬಿನೊ ಲುಚಿಯಾನಿ (ಕೆಲವೇ ವಾರಗಳಲ್ಲಿ ಪೋಪ್ ಒಂದನೇ ಜಾನ್ ಪೌಲ್ ಆದವರು) ವಿಧಾನವನ್ನು ಒಪ್ಪದಿದ್ದರೂ ಮಗುವಿಗೆ ಶುಭ ಹಾರೈಸಿದರು, ತಂದೆತಾಯಿಯನ್ನು ಖಂಡಿಸಲಿಲ್ಲ. ಎರಡು, ಸಂತಾನಹೀನತೆ ಮದುವೆಯನ್ನು ಅಸಿಂಧು ಮಾಡುವುದಿಲ್ಲ (ಚರ್ಚ್ ಕಾನೂನು 1084). ತಿಳಿದೂ ಮುಚ್ಚಿಟ್ಟು ಮೋಸದಿಂದ ಮದುವೆಯಾಗಿದ್ದರೆ ಅದು ಬೇರೆ ಪ್ರಶ್ನೆ. "ಮಕ್ಕಳಾಗಲಿಲ್ಲ, ಬೇರೆ ಮದುವೆ ಮಾಡಿಸೋಣ" ಎನ್ನುವ ಹಿರಿಯರಿಗೆ ಇದನ್ನು ತಿಳಿಸಿ ಹೇಳಬೇಕು.

ದತ್ತು ಸ್ವೀಕಾರ

ಕ್ರೈಸ್ತರಿಗೆ ದತ್ತು ಇಲ್ಲ ಎಂಬ ಹಳೆಯ ತಿಳುವಳಿಕೆ ಇನ್ನೂ ಇದೆ. 1956ರ ಹಿಂದೂ ದತ್ತಕ ಕಾಯ್ದೆ ನಮಗೆ ಅನ್ವಯಿಸುತ್ತಿರಲಿಲ್ಲ, 1890ರ ಕಾಯ್ದೆಯಡಿ ಪಾಲಕರಾಗಲು ಮಾತ್ರ ಸಾಧ್ಯವಿತ್ತು. ಬಾಲನ್ಯಾಯ ಕಾಯ್ದೆಯಡಿ ಯಾವುದೇ ಧರ್ಮದವರು ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿತು. ಈಗ 2015ರ ಬಾಲನ್ಯಾಯ ಕಾಯ್ದೆಯಂತೆ ಕೇಂದ್ರ ದತ್ತು ಪ್ರಾಧಿಕಾರದಲ್ಲಿ (ಕಾರಾ) ಆನ್‌ಲೈನ್ ನೋಂದಣಿ ಮಾಡಬೇಕು. ದಂಪತಿಗೆ ಎರಡು ವರ್ಷದ ಸ್ಥಿರ ದಾಂಪತ್ಯ ಇರಬೇಕು. ಮನೆ ಭೇಟಿ ಮತ್ತು ವರದಿಯ ನಂತರ ಸರದಿ ಬರುತ್ತದೆ, ಅದಕ್ಕೆ ಹಲವು ವರ್ಷ ಕಾಯಬೇಕಾಗಬಹುದು. ದತ್ತು ಆದೇಶವನ್ನು ಜಿಲ್ಲಾಧಿಕಾರಿಗಳು ನೀಡುತ್ತಾರೆ. ಮಗುವಿಗೆ ಸ್ವಂತ ಮಗುವಿನ ಎಲ್ಲ ಹಕ್ಕುಗಳೂ ಸಿಗುತ್ತವೆ. ಆಸ್ಪತ್ರೆಯಿಂದಲೋ ಪರಿಚಯದವರಿಂದಲೋ ನೇರವಾಗಿ ಮಗು ತರುವುದು ಅಪರಾಧ, ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ.

ದತ್ತು ಎಲ್ಲರಿಗೂ ತಕ್ಷಣದ ಉತ್ತರವಲ್ಲ. ಚಿಕಿತ್ಸೆ ವಿಫಲವಾದ ವಾರದಲ್ಲೇ ಆ ಸಲಹೆ ಕೊಡಬಾರದು.

ನಾವೇನು ಮಾಡಬಹುದು?

- "ವಿಶೇಷ ಉಂಟಾ" ಎಂದು ಕೇಳುವುದನ್ನು ನಿಲ್ಲಿಸೋಣ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳೋಣ.
- ಹರಕೆ, ನೊವೆನಾ ಸೂಚಿಸುವಾಗ "ನಂಬಿಕೆ ಸಾಲದು" ಎಂಬ ಅರ್ಥ ಬರದಿರಲಿ.
- ಮನೆ ಭೇಟಿಯಲ್ಲಿ ಅತ್ತೆ ಮಾವಂದಿರ ಜೊತೆಗೂ ಮಾತಾಡೋಣ. ಪತಿಯೂ ಪರೀಕ್ಷೆಗೆ ಹೋಗುವಂತೆ ಧೈರ್ಯ ತುಂಬೋಣ.
- ತಾಯಂದಿರ ದಿನದ ಪೂಜೆಯಲ್ಲಿ ಮಗುವಿಗಾಗಿ ಕಾಯುವವರನ್ನೂ ಗರ್ಭ ಕಳೆದುಕೊಂಡವರನ್ನೂ ನೆನೆಯೋಣ.
- ವಾಳೆಯ ಜವಾಬ್ದಾರಿ, ಧರ್ಮೋಪದೇಶ, ಗಾಯನ ತಂಡಗಳಿಗೆ ಅವರನ್ನು ಕರೆಯೋಣ, ಮಕ್ಕಳಿಲ್ಲವೆಂಬ ಅನುಕಂಪದಿಂದಲ್ಲ, ಅವರ ಪ್ರತಿಭೆಗಾಗಿ.

ಬೈಬಲಿನಲ್ಲಿ ಹನ್ನಳ ಕತೆ ಎಲ್ಲರಿಗೂ ಗೊತ್ತು. ಮಗುವಿಗಾಗಿ ಅವಳು ದೇವಾಲಯದಲ್ಲಿ ತುಟಿ ಮಾತ್ರ ಅಲುಗಿಸುತ್ತ ಅತ್ತು ಪ್ರಾರ್ಥಿಸುತ್ತಿದ್ದಾಗ ಯಾಜಕ ಏಲಿ ಅವಳನ್ನು ಕುಡಿದವಳೆಂದು ತಿಳಿದು ಗದರಿಸಿದ (1 ಸಮುವೇಲ 1). ಅವಳು ತನ್ನ ನೋವನ್ನು ಹೇಳಿಕೊಂಡಾಗ ಆತ ತಪ್ಪು ತಿದ್ದಿಕೊಂಡು, ಸಮಾಧಾನದಿಂದ ಹೋಗೆಂದು ಹರಸಿದ. ಅವಳು ಊಟ ಮಾಡಿದಳು, ಅವಳ ಮುಖದ ಕಳೆ ಬದಲಾಯಿತು. ಗಮನಿಸಿ, ಆಗ ಅವಳಿಗೆ ಸಮುವೇಲ ಇನ್ನೂ ಹುಟ್ಟಿರಲಿಲ್ಲ. ಒಬ್ಬರು ತನ್ನ ಮಾತು ಕೇಳಿಸಿಕೊಂಡಿದ್ದರು, ಅಷ್ಟೇ. ಮಗು ಕೊಡುವುದು ನಮ್ಮ ಕೈಯಲ್ಲಿಲ್ಲ. ಕೇಳಿಸಿಕೊಳ್ಳುವುದು ಇದೆ.